ನೀರು ಮುಟ್ಟದೆ ಸಂಬಳ ಎಣಿಸುವವರಿಗೊಂದು ಬಹಿರಂಗ ಪತ್ರ

ಇವರಿಗೆ,
ಹೊರ ಒಡಲು ಮಹಾಶಯರು
(ಎಡಗಡೆಯವರೋ ಬಲಗಡೆಯವರೋ, ಈ ಪತ್ರ ತಲುಪುವ ಹೊತ್ತಿಗೆ ಯಾರು ನೀರಿನಿಂದ ಮೇಲಿರುತ್ತೀರೋ ಅವರು),
ಟ್ರೈಮರಾನ್ ಹಾಯಿದೋಣಿ,
ಮೊಕ್ಕಾಂ: ನಡುಗಡಲು.

ವಿಷಯ: ಕರ್ತವ್ಯದ ವೇಳೆಯಲ್ಲಿ ನೀರಿಗಿಳಿಯದೆ ಇರುವ ಬಗ್ಗೆ ವಿವರಣೆ ಕೇಳಿ.

ಮಾನ್ಯರೇ,

ಲೆಕ್ಕ ತಪಾಸಣೆಯಲ್ಲೇ ತಲೆ ನರೆಸಿಕೊಂಡವನು ನಾನು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಕ್ಯಾಂಟೀನಿನಲ್ಲಿ ಸಂಜೆ ಮಾಡಿದವರನ್ನು ಕಂಡಿದ್ದೇನೆ, ಕೆಟ್ಟು ನಿಂತ ಜೀಪಿಗೆ ತಿಂಗಳುಗಟ್ಟಲೆ ಡೀಸೆಲ್ ಕುಡಿಸಿದವರನ್ನೂ ಕಂಡಿದ್ದೇನೆ. ಅವರೆಲ್ಲ ಕದ್ದುಮುಚ್ಚಿ ಮಾಡುತ್ತಿದ್ದರು. ನಾವು ಬರುತ್ತೇವೆಂದು ಸುಳಿವು ಸಿಕ್ಕರೆ ಕುರ್ಚಿಗೆ ಓಡಿ ಬರುವಷ್ಟು ಮರ್ಯಾದೆ ಅವರಲ್ಲಿತ್ತು. ನೀವು ಹಾಗಲ್ಲ. ಕ್ಯಾಮೆರಾ ಹೊತ್ತ ಹೆಲಿಕಾಪ್ಟರ್ ನೆತ್ತಿಯ ಮೇಲೆ ಸುತ್ತುತ್ತಿರುವಾಗಲೇ, ನೀರಿನಿಂದ ಎರಡಾಳೆತ್ತರದಲ್ಲಿ ರಾಜಾರೋಷವಾಗಿ ಮೈ ಒಣಗಿಸಿಕೊಳ್ಳುತ್ತಿರುತ್ತೀರಿ. ಪತ್ರಿಕೆಗಳು ಆ ಚಿತ್ರವನ್ನೇ ಆರಿಸಿ ಅಚ್ಚು ಹಾಕುತ್ತವೆ. ಕೆಳಗೆ ನೀರು ಕುಡಿಯುತ್ತಾ ದುಡಿಯುತ್ತಿರುವ ನಿಮ್ಮ ಜೊತೆಗಾರರು ಆ ಚಿತ್ರದಲ್ಲಿ ಕಾಣುವುದೇ ಇಲ್ಲ, ನೊರೆ ಮಾತ್ರ ಕಾಣುತ್ತದೆ.

ಇದು ಬಹಿರಂಗ ಪತ್ರವಾದ್ದರಿಂದ ನಿಮ್ಮ ಇಲಾಖೆಯ ರಚನೆಯನ್ನು ಓದುಗರಿಗೆ ಎರಡು ಮಾತಿನಲ್ಲಿ ತಿಳಿಸಬೇಕು. ಟ್ರೈಮರಾನ್ ಎಂದರೆ ಮೂರು ಒಡಲಿನ ದೋಣಿ. ನಡು ಒಡಲಿನ ಮೇಲೆ ಹಾಯಿಕಂಬ. ಒಳಗೆ ನಾವಿಕ ಮಲಗುವ ಜಾಗ, ಒಲೆ, ನಕ್ಷೆ. ಅದರ ಆಚೀಚೆ, ಅಡ್ಡತೊಲೆಗಳ ತುದಿಯಲ್ಲಿ ನೀವಿಬ್ಬರು: ಉದ್ದ ಹೆಚ್ಚು, ಅಗಲ ಕಡಿಮೆ, ಒಳಗೆ ಬಹುಪಾಲು ಬರೀ ಗಾಳಿ. ದೋಣಿ ಕಟ್ಟುವವರು ನಿಮ್ಮನ್ನು ಫ್ಲೋಟ್ ಎನ್ನುತ್ತಾರೆ. ಕಡಲಿಗಿಳಿಯುವ ಒಂದೇ ಒಡಲಿನ ಹಾಯಿದೋಣಿಗಳು ಮಗುಚದಿರಲು ಅಡಿಯಲ್ಲಿ ಸೀಸದ ಭಾರ ಕಟ್ಟಿಕೊಂಡು ತಿರುಗುತ್ತವೆ. ಟ್ರೈಮರಾನ್ ಸೀಸ ಹೊರುವುದಿಲ್ಲ, ಕಾಲಗಲಿಸಿ ನಿಲ್ಲುತ್ತದೆ. ಗಾಳಿ ಹಾಯಿಯನ್ನು ತಳ್ಳಿ ದೋಣಿಯನ್ನು ವಾಲಿಸಿದಾಗ, ವಾಲಿದ ಕಡೆಯ ಫ್ಲೋಟ್ ನೀರಿಗೆ ಒತ್ತಿ ಕೂತು ಭಾರ ತಡೆಯುತ್ತದೆ. ಗಾಳಿ ಬರುವ ಕಡೆಯ ಫ್ಲೋಟ್, ಅಂದರೆ ತಾವು, ಮೇಲೇಳುತ್ತೀರಿ. ಒಂದೇ ಹುದ್ದೆಗೆ ಇಬ್ಬರ ನೇಮಕ, ಒಂದು ಹೊತ್ತಿಗೆ ಒಬ್ಬರ ದುಡಿಮೆ. ತಪಾಸಣೆಯವನ ಕಣ್ಣಿಗೆ ಇದಕ್ಕಿಂತ ಸಲೀಸಾದ ಆಕ್ಷೇಪಣೆ ಸಿಕ್ಕೀತೇ?

ಆದರೆ ಲೆಕ್ಕದವನು ಲೆಕ್ಕ ಹಾಕದೆ ನೋಟಿಸು ಕೊಡಬಾರದು. ಹಾಕಿದೆ. ಸಾವಿರ ಕಿಲೋ ತೂಗುವ ಒಂದು ಸಣ್ಣ ಟ್ರೈಮರಾನ್ ಇದೆಯೆಂದಿಟ್ಟುಕೊಳ್ಳಿ. ನಡು ಒಡಲಿನಿಂದ ಫ್ಲೋಟಿಗೆ 3 ಮೀಟರ್ ದೂರ. ಗಾಳಿ ಏರುತ್ತಾ ಏರುತ್ತಾ ನಡು ಒಡಲೂ ನೀರು ಬಿಟ್ಟು ಎದ್ದ ಕ್ಷಣ ಇಡೀ ದೋಣಿ ಕೆಳಗಿನ ಫ್ಲೋಟಿನ ಮೇಲೆ ನಿಂತಿರುತ್ತದೆ. ಅದನ್ನು ಮತ್ತೆ ಸಮನಾಗಿ ಕೂರಿಸಲು ಎಳೆಯುವ ಶಕ್ತಿ ಸಾವಿರ ಕಿಲೋ ಗುಣಿಸು 3 ಮೀಟರ್. ಅದೇ ಗರಿಷ್ಠ. ಇನ್ನೂ ವಾಲಿದರೆ ಅದು ಕುಗ್ಗುತ್ತಾ ಹೋಗುತ್ತದೆ, ಹೆಚ್ಚುವುದಿಲ್ಲ. ಸೀಸ ಹೊತ್ತ ದೋಣಿ ಮಲಗಿದರೂ ಎದ್ದು ಕೂರುತ್ತದೆ. ಟ್ರೈಮರಾನ್ ಒಮ್ಮೆ ಬೋರಲು ಬಿದ್ದರೆ ಬೋರಲಾಗಿಯೇ ನೆಮ್ಮದಿಯಿಂದ ತೇಲುತ್ತದೆ. ಇರಲಿ, ಈಗ ಬಾಬ್ತುವಾರು ನೋಡೋಣ. ನಡು ಒಡಲಿನಲ್ಲಿರುವ ಪ್ರತಿ ಕಿಲೋ 3 ಮೀಟರ್ ದೂರದಿಂದ ಎಳೆಯುತ್ತದೆ. ನೀರಲ್ಲಿ ಮುಳುಗಿ ಬೆವರು ಸುರಿಸುತ್ತಿರುವ ಫ್ಲೋಟಿನ ಸ್ವಂತ ತೂಕದ ಕೊಡುಗೆ ಸೊನ್ನೆ, ಏಕೆಂದರೆ ಅದು ನಿಂತಿರುವುದೇ ತಿರುಗಣೆಯ ಜಾಗದಲ್ಲಿ. ಗಾಳಿಯಲ್ಲಿ ತೂಗಾಡುವ ನಿಮ್ಮ ಪ್ರತಿ ಕಿಲೋ 6 ಮೀಟರ್ ದೂರದಿಂದ ಎಳೆಯುತ್ತದೆ. ಇಮ್ಮಡಿ! ಸುಮ್ಮನೆ ಇದ್ದುಕೊಂಡೇ, ಮೇಲಿದ್ದುಕೊಂಡೇ, ಕಿಲೋವಾರು ದುಡಿಮೆಯಲ್ಲಿ ನೀವೇ ಮೊದಲಿಗರು. ಇಂಥ ಲೆಕ್ಕ ಬಂದಾಗ ನಮ್ಮ ಇಲಾಖೆಯಲ್ಲಿ ಕಡತವನ್ನು ಕೆಳಗಿನ ಖಾನೆಗೆ ಸೇರಿಸಿ ಮೇಲಿನ ಅಧಿಕಾರಿ ವರ್ಗವಾಗುವವರೆಗೆ ಕಾಯುವ ಪದ್ಧತಿಯಿದೆ. ನಾನು ನಿವೃತ್ತ, ಕಾಯಬೇಕಾಗಿಲ್ಲ.

ಪೂರ್ವನಿದರ್ಶನ ಹುಡುಕಿದೆ. ನಿಮ್ಮ ಈ ತೂಗಾಟದ ಹುದ್ದೆ ಖಾಯಂ ಆಗಿರುವ ಊರುಗಳೂ ಇವೆಯೆಂದು ಗೊತ್ತಾಗಿ ಗಾಬರಿಯಾಯಿತು. ಪೆಸಿಫಿಕ್ ಸಾಗರದ ಮೈಕ್ರೊನೇಷಿಯಾದಲ್ಲಿ ದೋಣಿಗೆ ಒಂದೇ ಹೊರದಿಂಡು, ಅದು ಯಾವತ್ತೂ ಗಾಳಿ ಬರುವ ಕಡೆಗೇ ಇರಬೇಕು. ದಿಕ್ಕು ಬದಲಿಸಬೇಕಾದಾಗ ಅಲ್ಲಿನವರು ದೋಣಿಯನ್ನು ಗಾಳಿಗೆ ಅಡ್ಡ ತಿರುಗಿಸುವುದಿಲ್ಲ. ಹಾಯಿಯನ್ನು ಈ ತುದಿಯಿಂದ ಬಿಚ್ಚಿ ಆ ತುದಿಗೆ ಒಯ್ದು, ಹಿಂದಿದ್ದುದನ್ನೇ ಮುಂದು ಮಾಡಿಕೊಂಡು ಹೊರಟುಬಿಡುತ್ತಾರೆ. ಒಬ್ಬ ತೂಗಾಡುವವನ ನೆಮ್ಮದಿ ಕೆಡಬಾರದೆಂದು ಇಡೀ ಊರು ಹಿಂದುಮುಂದಾಗುವುದು ಅಂದರೆ ಇದೇ. 1686ರಲ್ಲಿ ಗುವಾಮ್ ದ್ವೀಪದಲ್ಲಿ ಇಂಥ ದೋಣಿಯನ್ನು ಕಂಡ ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ ಅದು ಗಂಟೆಗೆ 24 ಮೈಲಿ ಓಡಬಲ್ಲದೆಂದು ಅಂದಾಜು ಮಾಡಿದ. ಅವನ ಕಾಲದ ಯುರೋಪಿನ ಹಡಗುಗಳು ಕನಸಿನಲ್ಲೂ ಕಾಣದ ವೇಗ ಅದು.

ಶ್ರೀಲಂಕಾದ ಒರುವ ದೋಣಿಯದೂ ಇದೇ ಕಥೆ. ಹೊರದಿಂಡು ಸದಾ ಗಾಳಿಯ ಕಡೆ. ಅಲ್ಲಿನ ಬೆಸ್ತರು ಗಾಳಿಯ ಬಿರುಸನ್ನು ಆಳುಗಳ ಲೆಕ್ಕದಲ್ಲಿ ಹೇಳುತ್ತಿದ್ದರಂತೆ. ದಿಂಡಿನ ಮೇಲೆ ಒಬ್ಬ ಹತ್ತಿ ಕೂತರೆ ಸಾಕಾದರೆ ಒಂದಾಳು ಗಾಳಿ, ಇಬ್ಬರು ಬೇಕಾದರೆ ಎರಡಾಳು ಗಾಳಿ. ನಾನು ಮೇಲೆ ಹಾಕಿದ ಗುಣಾಕಾರವನ್ನು ಅವರು ಪೆನ್ಸಿಲ್ ಇಲ್ಲದೆ, ಹಗ್ಗ ಹಿಡಿದು ಆಚೆ ತುದಿಗೆ ನಡೆದು ಮಾಡುತ್ತಿದ್ದರು. ನಮ್ಮ ಕಾರವಾರ, ಗೋವಾ ಕಡಲಂಚಿನಲ್ಲೂ ಸಣ್ಣ ದೋಣಿಗಳ ಒಂದು ಮಗ್ಗುಲಿಗೆ ಹೀಗೆ ಮರದ ದಿಂಡು ಕಟ್ಟುವ ರೂಢಿಯುಂಟು. ಫಿಲಿಪೀನ್ಸಿನ ಬಂಕಾ ದೋಣಿಗಳಿಗೆ ಎರಡೂ ಕಡೆ ಬಿದಿರು. ಅಲ್ಲಿಗೆ ಟ್ರೈಮರಾನ್ ಎಂಬುದನ್ನು ಬಿಳಿಯರು ಕಂಡುಹಿಡಿದರೆಂಬ ಬಾಬ್ತನ್ನು ನಾನು ವಜಾ ಮಾಡಿದ್ದೇನೆ. ಹೆಸರಿಟ್ಟದ್ದು ಮಾತ್ರ ಅವರೇ: ಉಕ್ರೇನಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ವಿಕ್ಟರ್ ಚೆಚೆಟ್, 1940ರ ದಶಕದಲ್ಲಿ.

ನಿಮ್ಮ ಮೇಲೆ ನಿಜವಾದ ಮಿತವ್ಯಯ ಕ್ರಮ ಜಾರಿಯಾದದ್ದು ಆ ಮೇಲೆ. ಕ್ಯಾಲಿಫೋರ್ನಿಯಾದ ಆರ್ಥರ್ ಪೈವರ್ 1960ರಲ್ಲಿ 30 ಅಡಿಯ 'ನಿಂಬಲ್' ಎಂಬ ಪ್ಲೈವುಡ್ ಟ್ರೈಮರಾನಿನಲ್ಲಿ ಅಟ್ಲಾಂಟಿಕ್ ದಾಟಿದರು. ಬಂದವರೇ ನಕ್ಷೆಗಳನ್ನು ಮಾರಲು ಶುರುಮಾಡಿದರು. ಹಿತ್ತಲಲ್ಲಿ ಜಾಗ, ಕೈಯಲ್ಲಿ ಗರಗಸ, ವಾರಾಂತ್ಯದ ಬಿಡುವು, ಇಷ್ಟಿದ್ದರೆ ಯಾರು ಬೇಕಾದರೂ ಸಮುದ್ರ ದಾಟಬಹುದೆಂದು ಸಾವಿರಾರು ಜನ ನಂಬಿದರು. ಪ್ಲೈವುಡ್ ಹಲಗೆ ಬೇಕಾದಂತೆ ಬಾಗುವುದಿಲ್ಲ, ಆದ್ದರಿಂದ ನಿಮ್ಮ ಅಡಿ ದುಂಡಗಾಗದೆ ಚೂಪು ಮೂಲೆಯಾಯಿತು. ಒಂದೇ ಭಾರ ಹೊರುವ ಅರ್ಧವೃತ್ತದ ಅಡಿಗಿಂತ ಮೂಲೆಯ ಅಡಿಗೆ ನೀರು ತಾಗುವ ಚರ್ಮ ಹೆಚ್ಚು. ಗಾಳಿ ಕಡಿಮೆಯಿರುವ ದಿನ ಆ ಚರ್ಮಕ್ಕೆ ನೀರು ಅಂಟಿಕೊಂಡು ಎಳೆಯುವುದೇ ದೊಡ್ಡ ಖರ್ಚು. ಜೊತೆಗೆ ನಿಮ್ಮ ಗಾತ್ರವನ್ನೂ ಕತ್ತರಿಸಿದರು. ಫ್ಲೋಟ್ ಪೂರ್ತಿ ಮುಳುಗಿದರೂ ದೋಣಿಯ ತೂಕವಿಷ್ಟನ್ನೂ ಎತ್ತಿ ಹಿಡಿಯಲಾರದು ಎನ್ನುವಷ್ಟು ಚಿಕ್ಕದು ಮಾಡಿದ ವಿನ್ಯಾಸಕಾರರು ಆ ಕಾಲದಲ್ಲಿದ್ದರು. ಅದಕ್ಕೊಂದು ಸಿದ್ಧಾಂತವೂ ಹುಟ್ಟಿತು: ಚಿಕ್ಕ ಫ್ಲೋಟ್ ಮುಳುಗತೊಡಗಿದರೆ ನಾವಿಕನಿಗೆ ಅದೇ ಎಚ್ಚರಿಕೆ, ಅವನು ಹಾಯಿ ಇಳಿಸುತ್ತಾನೆ!

ಈ ಸಿದ್ಧಾಂತವನ್ನು ಓದಿ ನನಗೆ ನಮ್ಮ ಇಲಾಖೆಯ ಸುತ್ತೋಲೆಗಳೆಲ್ಲ ನೆನಪಾದವು. ಇಳಿಸುವ ವಿವೇಕವಿರುವ ನಾವಿಕನಿಗೆ ಎಚ್ಚರಿಕೆ ಬೇಕಾಗುವುದಿಲ್ಲ. ಎಚ್ಚರಿಕೆ ಬೇಕಾದವನು ಇಳಿಸುವುದಿಲ್ಲ. ಅಲೆಯ ಇಳಿಜಾರಿನಲ್ಲಿ ಜಾರುವಾಗ ಚಿಕ್ಕ ಫ್ಲೋಟಿನ ಮೂತಿ ಎದುರಿನ ಅಲೆಗೆ ನುಗ್ಗುತ್ತದೆ. ನುಗ್ಗಿದ್ದು ಹೊರಬರಲು ಅದರಲ್ಲಿ ತೇಲುವ ಗಾತ್ರವಿಲ್ಲ. ಮೂತಿ ಅಲ್ಲೇ ಸಿಕ್ಕಿಕೊಂಡು ಮಿಕ್ಕ ದೋಣಿ ಅದರ ಮೇಲಿಂದ ಓರೆಯಾಗಿ ಪಲ್ಟಿ ಹೊಡೆಯುತ್ತದೆ. ನೇರ ಮಗ್ಗುಲಿಗೆ ಮಗುಚುವುದನ್ನು ಎಲ್ಲರೂ ಲೆಕ್ಕ ಹಾಕಿದ್ದರು. ಈ ಓರೆ ದಿಕ್ಕಿನದನ್ನು ಕಲಿಸಿದ್ದು ಅಪಘಾತಗಳು. ಪೈವರ್ 1968ರಲ್ಲಿ ಕ್ಯಾಲಿಫೋರ್ನಿಯಾ ತೀರದಿಂದ ಒಬ್ಬರೇ ಟ್ರೈಮರಾನಿನಲ್ಲಿ ಹೊರಟವರು ಮರಳಲಿಲ್ಲ.

ಅದೇ ವರ್ಷ ಇಂಗ್ಲೆಂಡಿನಲ್ಲಿ 'ಸಂಡೇ ಟೈಮ್ಸ್' ಪತ್ರಿಕೆ ಗೋಲ್ಡನ್ ಗ್ಲೋಬ್ ಸ್ಪರ್ಧೆ ಹೂಡಿತು: ಒಬ್ಬರೇ, ಎಲ್ಲೂ ನಿಲ್ಲದೆ, ಭೂಮಿ ಸುತ್ತಬೇಕು. ಪೈವರ್ ಅವರ 'ವಿಕ್ಟ್ರೆಸ್' ಎಂಬ 40 ಅಡಿಯ ವಿನ್ಯಾಸದ ಎರಡು ಟ್ರೈಮರಾನ್‌ಗಳು ಕಣಕ್ಕಿಳಿದವು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಿಮ್ಮ ಸೇವಾ ಪುಸ್ತಕದ ಅತಿ ಕಪ್ಪು ಪುಟ ಇದು, ತಪ್ಪು ನಿಮ್ಮದೋ ಎಂಬುದೇ ತೀರ್ಮಾನವಾಗದ ಪುಟವೂ ಹೌದು.

ಒಂದನ್ನು ಓಡಿಸಿದವರು ಡೊನಾಲ್ಡ್ ಕ್ರೌಹರ್ಸ್ಟ್. ಹುಟ್ಟಿದ್ದು ನಮ್ಮ ಘಾಜಿಯಾಬಾದಿನಲ್ಲಿ, 1932ರಲ್ಲಿ. ವೃತ್ತಿ ಎಲೆಕ್ಟ್ರಾನಿಕ್ಸ್. ಟ್ರೈಮರಾನ್ ಬೋರಲು ಬಿದ್ದರೆ ಏಳುವುದಿಲ್ಲವೆಂಬ ನಿಮ್ಮ ಕುಲದ ಶಾಪಕ್ಕೆ ಅವರು ಪರಿಹಾರ ಯೋಚಿಸಿದ್ದರು. ದೋಣಿ ಅತಿಯಾಗಿ ವಾಲಿದ್ದನ್ನು ಒಡಲಿನ ಮೇಲಿನ ಸೆನ್ಸರ್‌ಗಳು ಕಂಡುಹಿಡಿಯಬೇಕು. ಹಾಯಿಕಂಬದ ತುದಿಯಲ್ಲಿ ಕಟ್ಟಿದ ಚೀಲ ತಾನಾಗಿ ಉಬ್ಬಿ ದೋಣಿಯನ್ನು ಮಗ್ಗುಲಲ್ಲೇ ತಡೆದು ನಿಲ್ಲಿಸಬೇಕು. ಆಮೇಲೆ ಪಂಪುಗಳು ಮೇಲೆ ಆಕಾಶ ನೋಡುತ್ತಿರುವ ಫ್ಲೋಟಿಗೆ ನೀರು ತುಂಬಿಸಬೇಕು. ಆ ಭಾರಕ್ಕೆ ದೋಣಿ ಮತ್ತೆ ನೆಟ್ಟಗಾಗಬೇಕು. ಗಮನಿಸಿದಿರಾ? ಮೇಲಿರುವವರಿಗೆ, ನಿಮಗೇ, ಕೊನೆಗೂ ಒಂದು ಕೆಲಸ ಹಚ್ಚಿದ ಏಕೈಕ ಮನುಷ್ಯ ಅವರು. ಆ ಉಪಕರಣ ಮುಗಿಯಲೇ ಇಲ್ಲ. ಹೊರಡಲು ಕೊನೆಯ ದಿನವಾದ 1968ರ ಅಕ್ಟೋಬರ್ 31ರಂದು 'ಟೀನ್‌ಮತ್ ಎಲೆಕ್ಟ್ರಾನ್' ಎಂಬ ಅವರ ದೋಣಿ ಬಂದರು ಬಿಟ್ಟಿತು. ಕೆಲವೇ ದಿನಗಳಲ್ಲಿ ಫ್ಲೋಟುಗಳ ಮುಚ್ಚಳಗಳಿಂದ ನೀರು ಸೋರಿ ಒಳಗೆ ತುಂಬತೊಡಗಿತು. ಪಂಪಿನ ಪೈಪು ದಡದಲ್ಲೇ ಉಳಿದುಹೋಗಿತ್ತು, ಬಕೆಟ್ಟಿನಲ್ಲಿ ಎತ್ತಿ ಹಾಕಬೇಕಾಯಿತು. ತೇಲಿಸಬೇಕಾದ ಒಡಲಿನ ಒಳಗೇ ಸಮುದ್ರ. ಇಂಥ ದೋಣಿಯಲ್ಲಿ ದಕ್ಷಿಣ ಸಾಗರಕ್ಕಿಳಿಯುವುದು ಸಾವಿಗೆ ಸಮ, ಹಿಂದಿರುಗಿದರೆ ಮನೆ ಮಠ ಹರಾಜು. ಅವರು ಅಟ್ಲಾಂಟಿಕ್ಕಿನಲ್ಲೇ ಸುತ್ತುತ್ತಾ ರೇಡಿಯೋದಲ್ಲಿ ಸುಳ್ಳು ಸ್ಥಾನಗಳನ್ನು ತಿಳಿಸಿದರು.

ಇನ್ನೊಂದು ದೋಣಿ ನೈಜೆಲ್ ಟೆಟ್ಲಿ ಅವರದು. ಅವರು ನಿಜವಾಗಿಯೇ ಸುತ್ತಿದರು, ಕೇಪ್ ಹಾರ್ನ್ ಬಳಸಿ ಬಂದರು. ಪ್ಲೈವುಡ್ ಬಿರುಕು ಬಿಟ್ಟಿತ್ತು, ಫ್ಲೋಟ್ ಸಡಿಲವಾಗಿತ್ತು. ಮೆಲ್ಲಗೆ ಬಂದಿದ್ದರೆ ಮನೆ ಸೇರುತ್ತಿದ್ದರೇನೋ. ಆದರೆ ಕ್ರೌಹರ್ಸ್ಟ್ ಹಿಂದೆಯೇ ಬರುತ್ತಿದ್ದಾರೆಂಬ ಸುಳ್ಳು ಸುದ್ದಿಯನ್ನು ನಂಬಿ ದೋಣಿಯನ್ನು ದಬಾಯಿಸಿದರು. 1969ರ ಮೇ ತಿಂಗಳ ಒಂದು ರಾತ್ರಿ ಎಡ ಫ್ಲೋಟಿನ ಮೂತಿ ಮುರಿದು ಬಂದು ನಡು ಒಡಲಿಗೇ ತೂತು ಹೊಡೆಯಿತು. ಗುರಿಗೆ 1,100 ನಾಟಿಕಲ್ ಮೈಲಿ ಬಾಕಿಯಿರುವಾಗ ದೋಣಿ ಮುಳುಗಿತು. ಟೆಟ್ಲಿ ಬದುಕಿದರು. ಜುಲೈನಲ್ಲಿ ಕ್ರೌಹರ್ಸ್ಟ್ ಅವರ ದೋಣಿ ಅಟ್ಲಾಂಟಿಕ್ಕಿನಲ್ಲಿ ಜನರಿಲ್ಲದೆ ತೇಲುತ್ತಾ ಸಿಕ್ಕಿತು. ಸ್ಪರ್ಧೆ ಮುಗಿಸಿದ್ದು ರಾಬಿನ್ ನಾಕ್ಸ್-ಜಾನ್ಸ್ಟನ್ ಒಬ್ಬರೇ, ಭಾರದ ಒಂದೇ ಒಡಲಿನ ದೋಣಿಯಲ್ಲಿ, 312 ದಿನಗಳಲ್ಲಿ. ತಮಗೆ ಬಂದ 5,000 ಪೌಂಡನ್ನು ಅವರು ಕ್ರೌಹರ್ಸ್ಟ್ ಕುಟುಂಬಕ್ಕೆ ಕೊಟ್ಟರು. ಆ ಎಡ ಫ್ಲೋಟಿನ ಮೇಲೆ ನಾನು ಬರೆದ ಟಿಪ್ಪಣಿ: ಮುರಿದದ್ದು ಮರ, ಮುರಿಸಿದ್ದು ಯಾವ ಮರವೂ ಅಲ್ಲ.

ಇಷ್ಟರ ನಡುವೆ ನಿಮ್ಮ ಪರವಾದ ಸಾಕ್ಷಿಯೊಂದು ಎಪ್ಪತ್ತು ವರ್ಷದಿಂದ ಗ್ರಂಥಾಲಯದಲ್ಲಿ ದೂಳು ತಿನ್ನುತ್ತಿತ್ತು. ಹಡಗು ಓಡುವಾಗ ತಾನೇ ಎಬ್ಬಿಸಿದ ಅಲೆಗಳಿಗೆ ಸಿಕ್ಕಿಬೀಳುತ್ತದೆಂದು, ಅಲೆಯ ಆಟ ಒಡಲಿನ ಉದ್ದಕ್ಕೆ ಕಟ್ಟುಬಿದ್ದಿದೆಯೆಂದು ಎಂಜಿನಿಯರ್ ವಿಲಿಯಂ ಫ್ರೂಡ್ ತೋರಿಸಿಕೊಟ್ಟಿದ್ದರು. ಅದಕ್ಕಾಗಿ ಅವರು 1872ರಲ್ಲಿ ಟಾರ್ಕಿಯಲ್ಲಿ ಕಟ್ಟಿದ ಪ್ರಯೋಗದ ತೊಟ್ಟಿ ಕ್ರೌಹರ್ಸ್ಟ್ ಹೊರಟ ಟೀನ್‌ಮತ್‌ಗೆ ಬಹಳ ದೂರವಿಲ್ಲ. ನಾವಿಕರು ಬಳಸುವ ಕೈಲೆಕ್ಕ ಹೀಗೆ: ನೀರಿನ ಮಟ್ಟದಲ್ಲಿ ಒಡಲಿನ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಬರುವಷ್ಟು ನಾಟ್ ವೇಗ, ಅದರಾಚೆಗೆ ಎಷ್ಟು ಹಾಯಿ ಏರಿಸಿದರೂ ಅಲೆ ಎದ್ದೀತು, ದೋಣಿ ಹೋಗದು. 25 ಅಡಿಗೆ 6.7 ನಾಟ್. ಸೈಕಲ್ ಸವಾರನೂ ಹಿಂದೆ ಹಾಕುತ್ತಾನೆ. ಆದರೆ 1898ರಲ್ಲಿ ಮೆಲ್ಬರ್ನಿನ ಗಣಿತಜ್ಞ ಜಾನ್ ಹೆನ್ರಿ ಮಿಚೆಲ್ ಈ ಅಲೆಯ ಎಳೆತವನ್ನು ಲೆಕ್ಕ ಹಾಕುವ ಒಂದು ಸೂತ್ರ ಪ್ರಕಟಿಸಿದರು. ಅವರು ಹಾಕಿಕೊಂಡ ಷರತ್ತು ಒಂದೇ, ಹಡಗು ತೀರ ತೆಳ್ಳಗಿರಬೇಕು. ಅಂಥ ಹಡಗು ಅವರ ಸುತ್ತಮುತ್ತ ಎಲ್ಲೂ ಇರಲಿಲ್ಲ. ಲೇಖನವನ್ನು ಹಡಗು ಕಟ್ಟುವವರು ದಶಕಗಟ್ಟಲೆ ಮುಟ್ಟಲಿಲ್ಲ. ಅವರು ವರ್ಣಿಸಿದ್ದು ನಿಮ್ಮನ್ನು. ಅಗಲಕ್ಕೆ ಹತ್ತು ಹನ್ನೆರಡು ಪಟ್ಟು ಉದ್ದವಿರುವ ಒಡಲು ನೀರನ್ನು ಪಕ್ಕಕ್ಕೆ ತಳ್ಳುವುದೇ ಅಷ್ಟಕ್ಕಷ್ಟೆ. ಅಲೆ ಚಿಕ್ಕದು, ಎಳೆತ ಚಿಕ್ಕದು, ಆ 1.34ರ ಬೇಲಿ ನಿಮಗೆ ಅನ್ವಯಿಸುವುದೇ ಇಲ್ಲ. ನಡು ಒಡಲಿಗೆ ಒಲೆ, ಹಾಸಿಗೆ, ಮನುಷ್ಯ ಎಲ್ಲ ತುಂಬಬೇಕು, ಅದು ಹೊಟ್ಟೆ ಬಿಡಲೇಬೇಕು. ನಿಮಗೆ ತುಂಬಬೇಕಾದದ್ದು ಗಾಳಿ ಮಾತ್ರ. ಜೋರು ಓಟದಲ್ಲಿ ಇಡೀ ದೋಣಿ ನಿಮ್ಮ ಜೊತೆಗಾರರೊಬ್ಬರ ಮೇಲೆ ನಿಂತು ಓಡುವುದೇ ಲಾಭವೆಂದು ಗೊತ್ತಾದ ಮೇಲೆ ನಿಮ್ಮ ದೆಸೆ ತಿರುಗಿತು.

ಎಷ್ಟು ತಿರುಗಿತೆಂದರೆ, ಮೂಗಿಗಿಂತ ಮೂಗುತಿ ಭಾರವಾಯಿತು. ಒಂದು ಕಾಲದಲ್ಲಿ ದೋಣಿಯ ತೂಕವನ್ನೂ ಹೊರಲಾರದಿದ್ದ ಫ್ಲೋಟ್ ಈಗ ರೇಸಿನ ದೋಣಿಗಳಲ್ಲಿ ಆ ತೂಕದ ಎರಡು ಪಟ್ಟನ್ನು ಎತ್ತಬಲ್ಲದು, ಉದ್ದ ನಡು ಒಡಲಿಗೆ ಸರಿಸಮ. ಗಾತ್ರವನ್ನು ಮುಂದಕ್ಕೆ ಹಂಚಿದರು. ಒತ್ತಿದಷ್ಟೂ ಮೂತಿ ಮೇಲೇಳಲಿ ಎಂದು. ಮೂತಿಯ ಮೇಲ್ಮೈಯನ್ನು ದುಂಡಗೆ ಮಾಡಿದರು. ಮುಳುಗಿದರೂ ನೀರು ಮೇಲೆ ಕೂರದೆ ಜಾರಿಹೋಗಲಿ, ಫ್ಲೋಟ್ ಅಲೆಯನ್ನು ಹೊಕ್ಕು ಆಚೆ ಬರಲಿ ಎಂದು. ಪ್ಲೈವುಡ್ ಹೋಗಿ ಕಾರ್ಬನ್ ಫೈಬರ್ ಬಂತು. ಇವೆಲ್ಲ ಒಳ್ಳೆಯ ಕೆಲಸಗಳೇ, ನನ್ನ ಆಕ್ಷೇಪಣೆಯಿಲ್ಲ. ಚಿಕ್ಕ ಫ್ಲೋಟಿಗಿಂತ ದೊಡ್ಡದೇ ಮೇಲು ಎಂಬುದರಲ್ಲಿ ನನಗೆ ಸಂಶಯವೂ ಇಲ್ಲ. ಆದರೆ ಹಿಂದೆ ಮುಳುಗಿಯಾದರೂ ಗೊಣಗುತ್ತಿದ್ದ ನೀವು ಈಗ ಗೊಣಗುವುದನ್ನೇ ಬಿಟ್ಟಿರಿ. ಹೇರಿದಷ್ಟನ್ನು ಹೊತ್ತಿರಿ. ಹೊರುತ್ತಾರೆಂದು ಅವರು ಇನ್ನಷ್ಟು ಹಾಯಿ ಏರಿಸಿದರು. ಭಾರ ನಿಮ್ಮಿಂದ ಅಡ್ಡತೊಲೆಗೆ, ಅಡ್ಡತೊಲೆ ನಿಮ್ಮನ್ನು ಹಿಡಿದಿರುವ ಸಂದಿಗೆ ಹೋಗಿ ಕೂತಿತು. 2002ರ ರೂಟ್ ದು ರುಮ್ ಸ್ಪರ್ಧೆಗೆ ಫ್ರಾನ್ಸಿನ ಸೇಂಟ್ ಮಾಲೊದಿಂದ 60 ಅಡಿಯ 18 ಟ್ರೈಮರಾನ್‌ಗಳು ಹೊರಟವು, ಒಂದಕ್ಕಿಂತ ಒಂದು ದುಬಾರಿ. ಬಿರುಗಾಳಿಯಲ್ಲಿ ಮಗುಚಿದವು, ಮುರಿದವು, ವಾಪಸು ಓಡಿದವು. ಗ್ವಾಡಲೂಪ್ ತಲುಪಿದ್ದು 3.

ಇದೇ ಸ್ಪರ್ಧೆಯ ಮೊದಲ ಕಂತು, 1978ರದು, ನಿಮ್ಮ ಸೇವಾ ಪುಸ್ತಕದ ಚಿನ್ನದ ಪುಟವಾಗಿತ್ತೆಂಬುದನ್ನು ಮರೆಯುವಂತಿಲ್ಲ. ಮೈಕ್ ಬರ್ಚ್ ಅವರ ಪುಟ್ಟ ಟ್ರೈಮರಾನ್ ಅಟ್ಲಾಂಟಿಕ್ ದಾಟಿ, ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ತನಗಿಂತ ಎಷ್ಟೋ ಉದ್ದದ ಒಂದೊಡಲಿನ ದೋಣಿಯನ್ನು 98 ಸೆಕೆಂಡಿನಲ್ಲಿ ಸೋಲಿಸಿತು. ಆ ಮೇಲೆ ಒಂದೊಡಲಿನವರು ನಿಮ್ಮ ಬಗ್ಗೆ ಜೋಕು ಹೇಳುವುದನ್ನು ಕಡಿಮೆ ಮಾಡಿದರು.

ಇನ್ನು ಒಂದು ನಿರ್ದಿಷ್ಟ ದೋಣಿಯ ಕಡತ ನನ್ನ ಮೇಜಿನ ಮೇಲಿದೆ. ದಪ್ಪನೆಯ ಕಡತ. 2006ರಲ್ಲಿ 'ಗ್ರುಪಾಮಾ 3' ಎಂಬ ಹೆಸರಿನಲ್ಲಿ ನೀರಿಗಿಳಿದ ಈ ಟ್ರೈಮರಾನ್ 31.5 ಮೀಟರ್ ಉದ್ದ, 22.5 ಮೀಟರ್ ಅಗಲ. 2008ರ ಫೆಬ್ರವರಿಯಲ್ಲಿ ಭೂಮಿ ಸುತ್ತುವ ದಾಖಲೆಗೆ ಹೊರಟು ನ್ಯೂಜಿಲೆಂಡ್ ಹತ್ತಿರ ಬಂದಾಗ ಅದರ ಎಡ ಫ್ಲೋಟ್ ಮುರಿಯಿತು. ದೋಣಿ ಮಗುಚಿತು, ಮೇಲಿದ್ದ ಹತ್ತೂ ಜನರನ್ನು ಹೆಲಿಕಾಪ್ಟರ್ ಎತ್ತಿಕೊಂಡಿತು. ಸಾಮಾನ್ಯವಾಗಿ ಇಂಥದ್ದನ್ನು ಗುಜರಿಗೆ ಬರೆದುಹಾಕಬೇಕು. ಅವರು ಎಳೆದು ತಂದು ರಿಪೇರಿ ಮಾಡಿದರು, ಫ್ಲೋಟುಗಳನ್ನು ಬಲಪಡಿಸಿದರು. 2010ರಲ್ಲಿ ಅದೇ ದೋಣಿ ಭೂಮಿಯನ್ನು 48 ದಿನಗಳಲ್ಲಿ ಸುತ್ತಿ ದಾಖಲೆ ಮಾಡಿತು; ಅದೇ ವರ್ಷ ರೂಟ್ ದು ರುಮ್ ಗೆದ್ದಿತು. ಕೈ ಬದಲಾಗಿ, ಹೆಸರು ಬದಲಾಗಿ 2014ರಲ್ಲೂ ಗೆದ್ದಿತು. ಮತ್ತೆ ಹೆಸರು ಬದಲಾಗಿ 'ಇಡೆಕ್ ಸ್ಪೋರ್ಟ್' ಆಗಿ ಫ್ರಾನ್ಸಿಸ್ ಜೊಯೊನ್ ಅವರ ಕೈಗೆ ಬಂದು 2017ರಲ್ಲಿ ಭೂಮಿಯನ್ನು 40 ದಿನ 23 ಗಂಟೆಯಲ್ಲಿ ಸುತ್ತಿತು.

2018ರ ರೂಟ್ ದು ರುಮ್‌ನಲ್ಲಿ ಈ ಹಳೆಯ ದೋಣಿಯ ಎದುರು ಹೊಸ ತಲೆಮಾರಿನವರು ನಿಂತಿದ್ದರು, ನೀರಿನ ಮೇಲೆ ಹಾರುವುದಕ್ಕೆಂದೇ ಕಟ್ಟಿದವರು. ಹೊರಟ ಕೆಲವು ದಿನಗಳೊಳಗೆ ಒಂದರ ಬಲ ಫ್ಲೋಟಿನ ಮೂತಿ ಕಳಚಿ ಬಿತ್ತು. ಇನ್ನೊಂದರ ಎಡ ಫ್ಲೋಟ್ ಮುರಿದು ದೋಣಿ ಬೋರಲಾಯಿತು, ನಾವಿಕ ಆರ್ಮೆಲ್ ಲೆ ಕ್ಲೆಯಾಕ್ ಅವರನ್ನು ಮೀನುಗಾರರ ದೋಣಿಯೊಂದು ಕಾಪಾಡಿತು. ಮೂರನೆಯದು, ಫ್ರಾಂಸ್ವಾ ಗಬಾರ್ ಅವರದು, ಗಾಯ ಮಾಡಿಕೊಂಡೇ ಮುಂದೆ ಓಡುತ್ತಿತ್ತು. ಜೊಯೊನ್ ಕೊನೆಯ ರಾತ್ರಿ ಅದನ್ನು ಹಿಡಿದು 7 ನಿಮಿಷ 8 ಸೆಕೆಂಡಿನ ಅಂತರದಲ್ಲಿ ಗೆದ್ದರು. ಅವರಿಗಾಗ ಅರವತ್ತು ದಾಟಿತ್ತು, ದೋಣಿಗೆ ಹನ್ನೆರಡು. ನಿಮ್ಮ ಕುಲದಲ್ಲಿ ಇದು ವೃದ್ಧಾಪ್ಯ. ಹತ್ತು ವರ್ಷ ಹಿಂದೆ ಒಮ್ಮೆ ಮುರಿದು ಬುದ್ಧಿ ಕಲಿತ ಫ್ಲೋಟ್, ಇನ್ನೂ ಮುರಿಯದ ಫ್ಲೋಟುಗಳನ್ನು ಸೋಲಿಸಿತೆಂದು ನಾನು ಟಿಪ್ಪಣಿ ಬರೆದರೆ ಎಂಜಿನಿಯರುಗಳು ನಗುತ್ತಾರೆ. ಬರೆದಿದ್ದೇನೆ.

ನಿಮ್ಮ ಬಂಧುಬಳಗದ ವಿಚಾರ ಚುಟುಕಾಗಿ. ಇಯಾನ್ ಫ್ಯಾರಿಯರ್ ಎಂಬ ನ್ಯೂಜಿಲೆಂಡಿನವರು ಅಡ್ಡತೊಲೆಗಳಿಗೆ ಕೀಲು ಹಾಕಿ ನಿಮ್ಮನ್ನು ನಡು ಒಡಲಿನ ಪಕ್ಕಕ್ಕೆ ಮಡಚಿಡುವ ಉಪಾಯ ಮಾಡಿದರು. ದೋಣಿ ಕಾರಿನ ಹಿಂದೆ ಟ್ರೇಲರಿನಲ್ಲಿ ಮನೆಗೆ ಹೋಗುವಂತಾಯಿತು. ರಜೆಯ ಮೇಲೆ ಹೋಗುವಾಗ ಕೈಕಾಲು ಮುದುರಿಕೊಳ್ಳುವ ಈ ಸೌಲಭ್ಯಕ್ಕೆ ನನ್ನ ಸಂಪೂರ್ಣ ಒಪ್ಪಿಗೆ. ಇನ್ನು ಕ್ಯಾನರಿ ದ್ವೀಪಗಳ ನಡುವೆ 2005ರಿಂದ ಜನರನ್ನೂ ಕಾರುಗಳನ್ನೂ ಸಾಗಿಸುವ 127 ಮೀಟರಿನ 'ಬೆಂಚಿಹಿಗುವಾ ಎಕ್ಸ್‌ಪ್ರೆಸ್' ಇದೆ, ಅಮೆರಿಕದ ನೌಕಾಪಡೆಯಲ್ಲಿ 2021ರವರೆಗೆ 'ಇಂಡಿಪೆಂಡೆನ್ಸ್' ಇತ್ತು. ಅಲ್ಲಿನ ನಿಮ್ಮ ಸೋದರರು ಮೋಟಾರಿನ ಹಡಗಿನವರು, ಇಬ್ಬರೂ ದಿನವಿಡೀ ನೀರಿನಲ್ಲೇ, ಮೇಲೇಳುವ ಹಕ್ಕಿಲ್ಲ. ಅವರನ್ನು ಎಲ್ಲಿ ಕೂರಿಸಬೇಕೆಂಬುದೇ ದೊಡ್ಡ ಲೆಕ್ಕ. ನಡು ಒಡಲಿನ ಅಲೆಗೆ ಅವರ ಅಲೆ ಕೂಡಿಕೊಂಡರೆ ಇಂಧನ ನಷ್ಟ, ಕಳೆದುಕೊಂಡರೆ ಲಾಭ. ಕೂಡುವುದು ಕಳೆಯುವುದು ನನಗೆ ಅರ್ಥವಾಗುವ ಭಾಷೆ, ಆದ್ದರಿಂದ ಅವರ ಮೇಲೆ ನೋಟಿಸಿಲ್ಲ.

ಕೊನೆಯದಾಗಿ, ಈ ಪತ್ರವನ್ನು ತುರ್ತಾಗಿ ಬರೆಯಬೇಕಾದ ಕಾರಣ. ಫ್ರಾನ್ಸಿನ ಎರಿಕ್ ತಬಾರ್ಲಿ ಫ್ಲೋಟುಗಳಿಗೆ ಓರೆಯಾಗಿ ಫಾಯಿಲ್, ಅಂದರೆ ನೀರೊಳಗೆ ವಿಮಾನದ ರೆಕ್ಕೆಯಂತೆ ಎತ್ತುವ ಹಲಗೆ, ಸಿಕ್ಕಿಸಿದ 'ಪಾಲ್ ರಿಕಾರ್' ಎಂಬ ಟ್ರೈಮರಾನ್ ಕಟ್ಟಿಸಿದ್ದರು. ಅಲ್ಯುಮಿನಿಯಂ ಭಾರ ಹೆಚ್ಚಾಗಿ ಅದು ಪೂರ್ತಿ ಏಳಲಿಲ್ಲ, ಆದರೂ 1980ರಲ್ಲಿ ಅಟ್ಲಾಂಟಿಕ್ಕನ್ನು 10 ದಿನ 5 ಗಂಟೆಯಲ್ಲಿ ದಾಟಿ 1905ರಿಂದ ಯಾರೂ ಮುಟ್ಟದ ದಾಖಲೆಯನ್ನು ಮುರಿಯಿತು. ಅದೇ ಕನಸಿನ ಮೊಮ್ಮಗ 'ಇದ್ರೊಪ್ತೇರ್' 2009ರಲ್ಲಿ 500 ಮೀಟರ್ ದೂರದಲ್ಲಿ 51.36 ನಾಟ್ ಓಡಿತು, ಗಂಟೆಗೆ 95 ಕಿಲೋಮೀಟರ್. ಈಗಿನ ಮೂವತ್ತೆರಡು ಮೀಟರಿನ ದೈತ್ಯರಲ್ಲಿ ಇದು ಮಾಮೂಲಿಯಾಗಿದೆ. ಕೆಳಗಿನ ಫ್ಲೋಟಿನಿಂದ ಬಾಗಿದ ಫಾಯಿಲ್ ನೀರಿಗಿಳಿಯುತ್ತದೆ, ಚುಕ್ಕಾಣಿಗಳ ತುದಿಯಲ್ಲೂ ಅಡ್ಡ ರೆಕ್ಕೆ. ವೇಗ ಹಿಡಿದೊಡನೆ ನಡು ಒಡಲು ಎದ್ದಿತು, ಮೇಲಿನ ನೀವು ಮೊದಲೇ ಎದ್ದಿದ್ದಿರಿ, ಇದುವರೆಗೆ ನಾನು ಮಾದರಿ ನೌಕರನೆಂದು ಹೊಗಳುತ್ತಾ ಬಂದ ಕೆಳಗಿನವರೂ ನೀರು ಬಿಟ್ಟು ಎದ್ದರು! ಮೂವರಲ್ಲಿ ಯಾರ ಮೈಯೂ ಒದ್ದೆಯಿಲ್ಲ. ಟನ್ನುಗಟ್ಟಲೆ ದೋಣಿಯನ್ನು ಹೊತ್ತು ನಿಂತಿರುವುದು ಮೇಜಿನಷ್ಟು ಅಗಲದ ಎರಡು ಮೂರು ಹಲಗೆಗಳು, ಇನ್ನೂ ಯಾವ ಹಾಜರಿ ಪುಸ್ತಕಕ್ಕೂ ಹೆಸರು ಏರದವು.

ಆದ್ದರಿಂದ ಒಬ್ಬರ ಮೇಲಿದ್ದ ಆಕ್ಷೇಪಣೆಯನ್ನು ಮೂವರಿಗೂ ವಿಸ್ತರಿಸಲಾಗಿದೆ. ನಿಮ್ಮ ಗಾತ್ರವನ್ನು ಮತ್ತೆ ಕತ್ತರಿಸಬಹುದು, ಹೇಗೂ ಫಾಯಿಲ್ ಎತ್ತುತ್ತದೆ ಎಂದು ಈಗಾಗಲೇ ಕೆಲವರು ಲೆಕ್ಕಾಚಾರ ಆರಂಭಿಸಿರುವುದು ನನ್ನ ಕಿವಿಗೆ ಬಿದ್ದರೆ ಆಶ್ಚರ್ಯಪಡುವುದಿಲ್ಲ. ಆ ಕತ್ತರಿಯ ಹಿಂದಿನ ಪ್ರಯೋಗದ ಕಡತ ಮೇಲೆ ನಮೂದಿಸಿದೆ. ಫಾಯಿಲ್ ಗಾಳಿ ಹೀರಿ ಹಿಡಿತ ಬಿಟ್ಟ ಕ್ಷಣ, ಅಥವಾ ತೇಲುವ ಮರದ ದಿಮ್ಮಿಯೋ ಮಲಗಿದ ತಿಮಿಂಗಿಲವೋ ಅಡ್ಡ ಸಿಕ್ಕ ಕ್ಷಣ, 30 ನಾಟ್ ವೇಗದಲ್ಲಿ ದೋಣಿ ಬಂದು ಬೀಳುವುದು ಕೆಳಗಿನವರ ಮೂತಿಯ ಮೇಲೆ. ಅವರಲ್ಲಿ ಆಗ ಗಾತ್ರ ಇರಬೇಕು. ಹಗಲೆಲ್ಲ ಖಾಲಿ ಕೂತಿದ್ದರೂ ಸರಿ, ಇರಬೇಕು. ಇದನ್ನು ಯಾವ ಬಾಬ್ತಿನಲ್ಲಿ ತೋರಿಸುವುದೆಂದು ನಮ್ಮ ಕೈಪಿಡಿಯಲ್ಲಿಲ್ಲ, ನಾನೇ ಪೆನ್ಸಿಲಿನಲ್ಲಿ ಒಂದು ಕಾಲಂ ಎಳೆದುಕೊಂಡಿದ್ದೇನೆ.

ಲಿಖಿತ ವಿವರಣೆಯನ್ನು ಹದಿನೈದು ದಿನಗಳೊಳಗೆ ಸಲ್ಲಿಸತಕ್ಕದ್ದು. ಅಷ್ಟರಲ್ಲಿ ನೀವು ಅರ್ಧ ಭೂಮಿ ಸುತ್ತಿರುತ್ತೀರೆಂದು ಬಲ್ಲೆ. ಯಾವ ಬಂದರಿನಿಂದ ಹಾಕಿದರೂ ಅಂಚೆ ಸ್ವೀಕರಿಸಲಾಗುವುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕ ತಪಾಸಕ

ಪ್ರತಿ:
ಫಾಯಿಲ್‌ಗಳಿಗೆ, ಸಂಬಳದ ಶ್ರೇಣಿ ನಿಗದಿಗಾಗಿ ಅರ್ಜಿ ಹಾಕುವಂತೆ ಸೂಚಿಸಿ.
ಅಡ್ಡತೊಲೆಗಳಿಗೆ, ಸಂದಿಗಳಲ್ಲಿ ಬಿರುಕು ಕಂಡರೆ ಕೂಡಲೇ ವರದಿ ಮಾಡಲು.
ಚುಕ್ಕಾಣಿ ಹಿಡಿದವರಿಗೆ, ಹಾಯಿ ಇಳಿಸುವ ವಿಷಯವಾಗಿ. ತುರ್ತು.